ವರ್ಷಕ್ಕೊಂದು ಘಳಿಗೆ

2025ರ ಮಾರ್ಚ್ 31, ಸೋಮವಾರ. ಹಿಂದಿನ ದಿನ ಯುಗಾದಿ, ಆದ್ದರಿಂದ ಅವತ್ತು ಹೊಸತೊಡಕು. ಭಾನುವಾರ ಸಂಜೆ ಚಂದ್ರ ಕಂಡಿದ್ದ, ಆದ್ದರಿಂದ ಅವತ್ತೇ ರಂಜಾನ್. ನೆಲಮಂಗಲದಿಂದ ಹೊಸಕೋಟೆಯವರೆಗೆ ಎರಡು ಧರ್ಮದವರ ಒಲೆಗಳ ಮೇಲೂ ಒಂದೇ ಹೊತ್ತಿಗೆ ಮಾಂಸ ಬೇಯುತ್ತಿತ್ತು.

ಹೊಸತೊಡಕು ಏನೆಂದು ಕರಾವಳಿಯ, ಉತ್ತರದ ಕಡೆಯ ಓದುಗರಿಗೆ ಹೇಳಬೇಕು. ಬೆಂಗಳೂರು ಗ್ರಾಮಾಂತರದಲ್ಲಿ ಯುಗಾದಿ ಎಂದರೆ ಬೇವುಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಮರುದಿನ ಬಾಡು. ಅದಕ್ಕಾಗಿ ಊರಿನವರು ತಿಂಗಳುಗಟ್ಟಲೆ ಮೊದಲೇ ಚೀಟಿ ಹಾಕಿ ದುಡ್ಡು ಕೂಡಿಸುತ್ತಾರೆ. ಕುರಿ, ಮೇಕೆ ತಂದು ಬೆಳಗಿನ ಜಾವವೇ ಕೊಯ್ದು, ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದೇ ಗುಡ್ಡೆ ಮಾಂಸ. ಅಂಗಡಿಯ ತಕ್ಕಡಿಗಿಂತ ಗುಡ್ಡೆಯ ನ್ಯಾಯ ದೊಡ್ಡದು. ಲಿವರ್ ತುಂಡು, ಮೂಳೆ, ಕೊಬ್ಬು ಎಲ್ಲವೂ ಎಲ್ಲರ ಪಾಲಿಗೂ ಬರಬೇಕು.

ಒಂದು ಅಂದಾಜು ಹಾಕೋಣ. ಇದು ನನ್ನ ಅಂದಾಜು, ಯಾವ ಇಲಾಖೆಯದೂ ಅಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 9,90,923. ಅರ್ಧ ಜನ, ಅಂದರೆ 5 ಲಕ್ಷ ಜನ ಅವತ್ತು ಬಾಡೂಟ ಮಾಡಿದರು, ತಲೆಗೆ ಬರೀ 200 ಗ್ರಾಂ ಎಂದೇ ಹಿಡಿಯಿರಿ. (ನಮ್ಮ ಕಡೆಯ ನೆಂಟರನ್ನು ಕಂಡವರು ಈ 200 ಗ್ರಾಂಗೆ ನಗುತ್ತಾರೆ.) ಆದರೂ ಒಂದು ಲಕ್ಷ ಕಿಲೋ ಆಯಿತು, 100 ಟನ್. ಕುರಿಗೆ 12 ಕಿಲೋ ಮಾಂಸ ಎಂದರೆ 8,300 ಕುರಿ ಬೇಕು. ಮೀಟರಿಗೊಂದರಂತೆ ಸಾಲಾಗಿ ನಿಲ್ಲಿಸಿದರೆ ಸಾಲು ಎಂಟು ಕಿಲೋಮೀಟರ್ ದಾಟುತ್ತದೆ. ನಾಲ್ಕೇ ತಾಲ್ಲೂಕಿಗೆ, ಒಂದೇ ಮಧ್ಯಾಹ್ನಕ್ಕೆ.

ಕುರಿಗಿಂತ ನನ್ನನ್ನು ಬೆರಗುಗೊಳಿಸಿದ್ದು ತಾರೀಕು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ 11ಕ್ಕೆ. 2025ರಲ್ಲಿ ಮಾರ್ಚ್ 30 ಮತ್ತು 31. 2026ರಲ್ಲಿ ಯುಗಾದಿ ಮಾರ್ಚ್ 19, ಅದೇ ವಾರ ರಂಜಾನ್. ಮೂರು ವರ್ಷ ಬೆನ್ನುಬೆನ್ನಿಗೆ ಎರಡೂ ಹಬ್ಬ ಪಕ್ಕಪಕ್ಕದಲ್ಲೇ ಬಂದವು. ಕಾಕತಾಳೀಯ ಎಂದವರು ಪಂಚಾಂಗ ತೆರೆದಿಲ್ಲ. ಈ ಮೂರು ವರ್ಷ ಇವೆರಡೂ ಹುಟ್ಟಿದ್ದು ಒಂದೇ ಅಮಾವಾಸ್ಯೆಯಿಂದ. ಅಮಾವಾಸ್ಯೆ ಕಳೆದ ಪಾಡ್ಯಕ್ಕೆ ಚೈತ್ರ ಶುರು; ಅದೇ ಅಮಾವಾಸ್ಯೆಯ ನಂತರದ ಎಳೆ ಕಂಡರೆ ಶವ್ವಾಲ್ ತಿಂಗಳು ಶುರು, ಅದರ ಮೊದಲ ದಿನವೇ ರಂಜಾನ್ ಹಬ್ಬ. 2025ರಲ್ಲಿ ಆ ಅಮಾವಾಸ್ಯೆ ಕೂಡಿದ್ದು ಮಾರ್ಚ್ 29ರ ಸಂಜೆ 4 ಗಂಟೆ 28 ನಿಮಿಷಕ್ಕೆ. ಯುಗಾದಿಯ ಸಂಜೆ ಸೂರ್ಯ ಮುಳುಗುವಾಗ ಚಂದ್ರನ ವಯಸ್ಸು 26 ಗಂಟೆ. ನೂರರಲ್ಲಿ ಎರಡು ಪಾಲಿನಷ್ಟೇ ಬೆಳಕು ಬಿದ್ದ ಗೆರೆ. ದೊಡ್ಡಬಳ್ಳಾಪುರದ ಹಳ್ಳಿಯ ಅಜ್ಜ ಅದರ ಯಾವ ಕೊಂಬು ಮೇಲಿದೆ ಎಂದು ಮಳೆಬೆಳೆ ಊಹಿಸುತ್ತಿದ್ದ ಹೊತ್ತಿಗೇ ಮಸೀದಿಯ ಮಾಳಿಗೆಯ ಮೇಲೆ ನಿಂತವರೂ ಅದೇ ಗೆರೆಯನ್ನು ಹುಡುಕುತ್ತಿದ್ದರು.

ಆ ಒಂದು ಚಂದ್ರ ಇನ್ನೂ ಎಷ್ಟು ಹಬ್ಬ ಹೊತ್ತು ತಂದ ನೋಡಿ. ಏಪ್ರಿಲ್ 6ಕ್ಕೆ ರಾಮನವಮಿ, 10ಕ್ಕೆ ಮಹಾವೀರ ಜಯಂತಿ, 12ರ ರಾತ್ರಿ ಬೆಂಗಳೂರಿನ ಕರಗ. ಬೆರಳು ಮಡಚಿ ಎಣಿಸುವವರಿಗೆ ಇಲ್ಲೊಂದು ಸಂಶಯ ಬರುತ್ತದೆ: ಮಾರ್ಚ್ 30 ಪಾಡ್ಯವಾದರೆ ಏಪ್ರಿಲ್ 6 ಎಂಟನೇ ದಿನ, ನವಮಿ ಹೇಗಾಯಿತು? ಆ ವಾರ ಚಂದ್ರ ಭೂಮಿಗೆ ತೀರ ಹತ್ತಿರವಿದ್ದ. ಹತ್ತಿರವಿದ್ದಾಗ ಅವನ ಓಟ ಜೋರು. ತಿಥಿ ಎಂದರೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ. ಅದು ಒಮ್ಮೊಮ್ಮೆ 19 ಗಂಟೆಯಲ್ಲೇ ಮುಗಿಯುತ್ತದೆ, ಒಮ್ಮೊಮ್ಮೆ 26 ಗಂಟೆಗೂ ಹೋಗುತ್ತದೆ. ಓಡುವ ಚಂದ್ರ ಒಂದು ತಿಥಿಯನ್ನೇ ನುಂಗಿಬಿಟ್ಟ. ರಾಮ ಒಂದು ದಿನ ಮುಂಚೆ ಹುಟ್ಟಿದ.

ಬೆಂಗಳೂರಿನ ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುವ ವಿಷಯ ಎಲ್ಲರಿಗೂ ಗೊತ್ತು. ಅದು ಮುಗಿದ ಮೇಲೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕರಗಗಳ ಸರದಿ. ಮೇ ತಿಂಗಳವರೆಗೂ ಮಲ್ಲಿಗೆ ಹೂವಿನ ರಾತ್ರಿಗಳು ನಡೆಯುತ್ತವೆ. ಕರಗ ಹೊತ್ತವರು ಒಂದು ಇರುಳು, 12 ಗಂಟೆ ನಡೆದರು ಎನ್ನಿ. ಅಷ್ಟರಲ್ಲಿ ತಲೆಯ ಮೇಲಿನ ಹುಣ್ಣಿಮೆ ಚಂದ್ರ ತನ್ನ ದಾರಿಯಲ್ಲಿ ಸವೆಸಿದ್ದು ಸರಾಸರಿ 44,000 ಕಿಲೋಮೀಟರ್. ಭೂಮಿಯ ಸುತ್ತಳತೆಗಿಂತ ಹೆಚ್ಚು.

ಈಸ್ಟರ್ ಕೂಡ ಇದೇ ಚಂದ್ರನ ಕೂಸು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್, ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೇ. 2025ರಲ್ಲಿ ಚರ್ಚಿನ ಕೋಷ್ಟಕದ ಹುಣ್ಣಿಮೆ ಬಿದ್ದದ್ದು ಏಪ್ರಿಲ್ 13ಕ್ಕೆ. ಅದೇ ಭಾನುವಾರ! ಹಾಗಾದಾಗ ಮುಂದಿನ ಭಾನುವಾರಕ್ಕೆ ಹೋಗಬೇಕು, ಹೀಗಾಗಿ 20ಕ್ಕೆ ಈಸ್ಟರ್. ಹಬ್ಬಕ್ಕೆ ಸಿಗುವ ತಾರೀಕುಗಳು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಬರೀ 35. ಆದರೆ ಆ 35 ತಾರೀಕುಗಳ ಸರಣಿ ಅದೇ ಕ್ರಮದಲ್ಲಿ ಮತ್ತೆ ಮೊದಲಿನಿಂದ ಶುರುವಾಗಲು ಬೇಕಾಗುವುದು 57 ಲಕ್ಷ ವರ್ಷ. ನಮ್ಮ ನಾಲ್ಕೂ ಯುಗ ಕೂಡಿಸಿದರೆ 43 ಲಕ್ಷದ 20 ಸಾವಿರ. ದೊಡ್ಡ ಸಂಖ್ಯೆ ಎಂದರೆ ಪುರಾಣದ್ದು ಎಂದುಕೊಂಡಿದ್ದವರಿಗೆ ಇದು ಒಳ್ಳೆಯ ಮದ್ದು.

ಸರ್ಕಾರಿ ರಜೆಯ ಪಟ್ಟಿಯನ್ನೂ ಒಮ್ಮೆ ನೋಡಿ. 2025ರ ಫೆಬ್ರವರಿ 26ರಿಂದ ಮೇ 1ರವರೆಗೆ 65 ದಿನ. ಅದರಲ್ಲಿ ಶಿವರಾತ್ರಿ, ರಂಜಾನ್, ಮಹಾವೀರ ಜಯಂತಿ, ಅಂಬೇಡ್ಕರ್ ಜಯಂತಿ, ಗುಡ್ ಫ್ರೈಡೇ, ಬಸವ ಜಯಂತಿ, ಕಾರ್ಮಿಕರ ದಿನ: ಏಳು ರಜೆ, ಒಂದೂ ಭಾನುವಾರಕ್ಕೆ ಬಲಿಯಾಗಲಿಲ್ಲ. ಬಲಿಯಾದದ್ದು ಯುಗಾದಿ ಒಂದೇ. ಏಳರಲ್ಲಿ ಐದು ಚಂದ್ರನ ಮಾತು ಕೇಳುತ್ತವೆ. ಏಪ್ರಿಲ್ 14 ಮತ್ತು ಮೇ 1 ಯಾವ ಗ್ರಹಕ್ಕೂ ಜಗ್ಗುವುದಿಲ್ಲ.

ಇನ್ನು ರಂಜಾನ್ ಯಾಕೆ ಯುಗಾದಿಯ ಪಕ್ಕಕ್ಕೆ ಬಂತು, ಯಾಕೆ ಉಳಿಯುವುದಿಲ್ಲ ಎಂಬುದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಇಂಥ 12 ತಿಂಗಳು ಸೇರಿದರೆ 354 ದಿನ ಚಿಲ್ಲರೆ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಪಂಚಾಂಗದವರು ಆ ಕೊರತೆಯನ್ನು ಸುಮಾರು 32 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿ ತುಂಬುತ್ತಾರೆ. ಹಿಜರಿಯಲ್ಲಿ ಅಧಿಕ ಮಾಸಕ್ಕೆ ಜಾಗವಿಲ್ಲ. ಅದಕ್ಕೇ ರಂಜಾನ್ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತಾ, ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮೊದಲಿನ ಜಾಗಕ್ಕೆ ಬರುತ್ತದೆ. ಇದರಿಂದ ಒಂದು ತಮಾಷೆಯೂ ಹುಟ್ಟುತ್ತದೆ: ಒಂದೇ ದಿನ ಹುಟ್ಟಿದ ಇಬ್ಬರು ಗೆಳೆಯರಲ್ಲಿ ಸೂರ್ಯನ ಲೆಕ್ಕದವನಿಗೆ 65 ತುಂಬಿದಾಗ ಹಿಜರಿ ಲೆಕ್ಕದವನಿಗೆ 67.

ಎರಡು ಲೆಕ್ಕ ಒಂದಾದರೆ ಹೇಗೆ ಎಂದು ಯೋಚಿಸಿದವನೊಬ್ಬ ಇದೇ ಜಿಲ್ಲೆಯಲ್ಲಿ ಹುಟ್ಟಿದ್ದ. ದೇವನಹಳ್ಳಿಯ ಟಿಪ್ಪು. 1780ರ ದಶಕದಲ್ಲಿ ಅವನು ಹಿಜರಿಯನ್ನು ಬದಿಗಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ತಿಂಗಳುಗಳಿಗೆ ಹೊಸ ಹೆಸರು, ಆದರೆ ನಡಿಗೆ ನಮ್ಮ ಚಾಂದ್ರಮಾನದ್ದು, ಅಧಿಕ ಮಾಸ ಸಮೇತ. ಮೊದಲ ತಿಂಗಳು ಅಹಮದಿ ಎಂದರೆ ಚೈತ್ರವೇ. ಪ್ರಭವ, ವಿಭವ ಎಂಬ 60 ಸಂವತ್ಸರಗಳ ಚಕ್ರವನ್ನೂ ಬಿಡದೆ 60 ವರ್ಷಗಳಿಗೂ ಬೇರೆ ಹೆಸರಿಟ್ಟ. ಸುಲ್ತಾನನ ಕಂದಾಯ, ದಫ್ತರು ಎಲ್ಲವೂ ಯುಗಾದಿಯಿಂದ ಯುಗಾದಿಗೆ ನಡೆದವು. ಅವನ ನಾಣ್ಯಗಳ ಮೇಲೆ ಆ ವರ್ಷಗಳ ಅಂಕಿಗಳು ಬಲದಿಂದ ಎಡಕ್ಕೆ ಇವೆ. ನಾಣ್ಯ ಸಂಗ್ರಹಿಸುವ ಎಳೆಯರು ಮೊದಲ ಸಲ ಇಲ್ಲೇ ಎಡವುವುದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಪಂಚಾಂಗವೂ ಅಲ್ಲಿಗೇ ಮುಗಿಯಿತು.

ಟಿಪ್ಪುವನ್ನು ಹಿಡಿದಿಟ್ಟ ಆ 60ರ ಚಕ್ರದಲ್ಲಿ ಒಂದು ವಿಚಿತ್ರವಿದೆ. ಅದಕ್ಕೆ ಬರುವ ಮೊದಲು ಒಂದು ಸಣ್ಣ ಪವಾಡ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದದ್ದು 1986ರ ಆಗಸ್ಟ್ 15ರಂದು. ಜಿಲ್ಲೆ ಕಂಡ ಮೊದಲ ಯುಗಾದಿ 1987ರ ಮಾರ್ಚ್ 30, ಚಕ್ರದ ಮೊದಲ ಸಂವತ್ಸರವಾದ ಪ್ರಭವ. 19 ವರ್ಷ ಬಿಟ್ಟು, 2006ರ ಯುಗಾದಿ? ಮಾರ್ಚ್ 30, ವ್ಯಯ. ಮತ್ತೆ 19 ವರ್ಷಕ್ಕೆ, 2025? ಮಾರ್ಚ್ 30, ವಿಶ್ವಾವಸು. ಮೂರು ಸಲವೂ ಹಿಂದಿನ ದಿನ, ಮಾರ್ಚ್ 29ಕ್ಕೆ, ಜಗತ್ತಿನ ಒಂದಲ್ಲ ಒಂದು ಕಡೆ ಸೂರ್ಯಗ್ರಹಣ. ಕಾರಣ ಇಷ್ಟೇ: 235 ಚಾಂದ್ರ ತಿಂಗಳೂ 19 ಸೌರ ವರ್ಷವೂ ಹೆಚ್ಚುಕಡಿಮೆ ಒಂದೇ ಅಳತೆ. ಸುಮಾರು 6,940 ದಿನಗಳಲ್ಲಿ ವ್ಯತ್ಯಾಸ ಬರೀ ಎರಡು ಗಂಟೆ.

ಈಗ ವಿಚಿತ್ರ. ಸೂರ್ಯಸಿದ್ಧಾಂತದ ವರ್ಷ 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು. ಋತುಗಳು ತಿರುಗಿ ಬರುವ ನಿಜವಾದ ವರ್ಷ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು. ಕಳೆದರೆ ಉಳಿಯುವುದು 24 ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ. 24 ನಿಮಿಷ ಎಂದರೆ ನಮ್ಮ ಹಳಬರ ಒಂದು ಘಳಿಗೆ. ಅಂದರೆ ಯುಗಾದಿ ನಿಜವಾದ ವಸಂತದಿಂದ ವರ್ಷಕ್ಕೊಂದು ಘಳಿಗೆ ಹಿಂದೆ ಬೀಳುತ್ತಿದೆ. ದಿನಕ್ಕೆ 60 ಘಳಿಗೆ, ಚಕ್ರಕ್ಕೆ 60 ಸಂವತ್ಸರ. ಪ್ರಭವದಿಂದ ಅಕ್ಷಯದವರೆಗೆ ಒಂದು ಸುತ್ತು ಮುಗಿದರೆ ಹೆಚ್ಚುಕಡಿಮೆ ಒಂದು ದಿನ ತಡ! ಯಾರೂ ಬೇಕೆಂದು ಮಾಡಿದ್ದಲ್ಲ. ತಪ್ಪಿಗೂ ಇಂಥ ಅಚ್ಚುಕಟ್ಟು ಇರುವುದು ನಾನು ಬೇರೆಲ್ಲೂ ಕಂಡಿಲ್ಲ. ಹಗಲಿರುಳು ಸಮನಾಗುವ ಮಾರ್ಚ್ 20ಕ್ಕೂ ನಮ್ಮ ಮೇಷ ಸಂಕ್ರಮಣದ ಏಪ್ರಿಲ್ 14ಕ್ಕೂ ಈಗ 25 ದಿನದ ಅಂತರ. 25 ಸುತ್ತು ಎಂದರೆ 1,500 ವರ್ಷ. ಹಿಂದಕ್ಕೆ ಎಣಿಸಿದರೆ ಆರ್ಯಭಟನ ಕಾಲದಲ್ಲಿ, ಕ್ರಿ.ಶ. 499ರ ಹತ್ತಿರ ನಿಲ್ಲುತ್ತೀರಿ. ಮೇಘನಾದ ಸಹಾ ಅವರ ಪಂಚಾಂಗ ಸುಧಾರಣಾ ಸಮಿತಿ ಇದನ್ನು ತಿದ್ದಲು ಹೊರಟಿತು; 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೇನೋ ಜಾರಿಗೆ ಬಂತು. ಅದು ಗೆಜೆಟ್ಟಿನ ತಲೆಬರಹದಲ್ಲಿದೆ. ಬೇವುಬೆಲ್ಲ ಮಾತ್ರ ಹಳೆಯ ಪಂಚಾಂಗದ ಮಾತನ್ನೇ ಕೇಳುತ್ತದೆ.

ಯುಗಾದಿಯ ಬೆಳಿಗ್ಗೆ ಪುರೋಹಿತರು ಹೇಳುವ ಸಂಕಲ್ಪವನ್ನು ನಾವು ಅರ್ಧ ನಿದ್ದೆಯಲ್ಲಿ ಕೇಳುತ್ತೇವೆ. ಕಲ್ಪ, ಮನ್ವಂತರ, ಯುಗ, ಪಾದ ಎಂದು ಅವರು ಒಂದೇ ಉಸಿರಿಗೆ ಹೇಳಿ ಮುಗಿಸುವ ವಿಳಾಸವನ್ನು ಅಂಕಿಗೆ ಇಳಿಸಿದರೆ, 2025ರ ಯುಗಾದಿಗೆ ಈ ಕಲ್ಪ ಶುರುವಾಗಿ 197 ಕೋಟಿ 29 ಲಕ್ಷ 49 ಸಾವಿರ ವರ್ಷ ಚಿಲ್ಲರೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದ ಮೇಲೆ ಕೂತು ಯಾರಾದರೂ ಈ ಸಂಕಲ್ಪ ಮಾಡಿದರೆ, ಅವರ ಕೆಳಗಿನ ಬಂಡೆ ನಗಬಹುದು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಸಿಕೊಳ್ಳುವ ಆ ಕಲ್ಲಿನ ಸಾಲಿಗೆ ಸುಮಾರು 250 ಕೋಟಿ ವರ್ಷ. ಸಂಕಲ್ಪದ ಸೃಷ್ಟಿಗಿಂತ 50 ಕೋಟಿ ವರ್ಷ ಹಿರಿಯ.

2026ರಲ್ಲಿ ಅಧಿಕ ಜ್ಯೇಷ್ಠ. ಹಾಗಾಗಿ 2027ರ ಯುಗಾದಿ ಏಪ್ರಿಲ್ 7ಕ್ಕೆ ಜಿಗಿಯುತ್ತದೆ, ರಂಜಾನ್ ಮಾತ್ರ ಮಾರ್ಚ್ ಎರಡನೇ ವಾರಕ್ಕೇ ಬಂದು ಹೋಗುತ್ತದೆ. ಇಬ್ಬರ ನಡುವೆ ಒಂದು ಇಡೀ ಚಂದ್ರ. ಹಿಂದೆ ಹೀಗೆ ಜೊತೆಯಾಗಿದ್ದು 1992, 1993ರಲ್ಲಿ. ಇನ್ನು ಜೊತೆಯಾಗುವುದು 2057ರ ಏಪ್ರಿಲ್ ಮೊದಲ ವಾರ. ಮಾಂಸದ ಚೀಟಿಗೆ ಈಗಲೇ ಹೆಸರು ಬರೆಸಿಡಿ, ಆಮೇಲೆ ಗುಡ್ಡೆ ಸಿಗಲಿಲ್ಲ ಎನ್ನಬೇಡಿ.