ರಟ್ಟಿನ ಕವಚ, ಸೊಂಟದ ಪಟ್ಟಿ

ವಯನಾಡಿನ ನೂಲ್ಪುಳ ಪಂಚಾಯಿತಿ ಕರ್ನಾಟಕದ ಗಡಿಗೆ ಅಂಟಿಕೊಂಡೇ ಇದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿನ ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿ ಸೇರುತ್ತದೆ. ಪುಲ್ಪಳ್ಳಿ ಇಲ್ಲಿಂದ ದೂರವಲ್ಲ. ಬ್ರಿಟಿಷರಿಗೆ ವರ್ಷಗಟ್ಟಲೆ ಸಡ್ಡುಹೊಡೆದ ಪಳಶಿ ರಾಜ 1805ರ ನವೆಂಬರ್ 30ರಂದು ಪ್ರಾಣಬಿಟ್ಟದ್ದು ಆ ಸೀಮೆಯಲ್ಲೇ. ಇಂಥ ಊರಿನ ಶಾಲೆಯಲ್ಲಿ ಪಳಶಿಯ ನಾಟಕ ಆಡುತ್ತಾರೆ ಅಂದುಕೊಳ್ಳಿ. ಮಕ್ಕಳಿಗೆ ಎದೆಗೆ ಕವಚ ಬೇಕು, ಸೊಂಟದಲ್ಲಿ ಕತ್ತಿ ಬೇಕು. ಕವಚವೇನೋ ಮನೆಯಲ್ಲೇ ಆಗುತ್ತದೆ. ಫೋಮ್ ಶೀಟನ್ನೋ ದಪ್ಪ ರಟ್ಟನ್ನೋ ಕತ್ತರಿಸಿ, ಬಾಗಿಸಿ, ಬಣ್ಣ ಬಳಿದರೆ ಮುಗಿಯಿತು. ಕೈಕೊಡುವುದು ಪಟ್ಟಿ ಮತ್ತು ಒರೆ. ಹುಡುಗ ರಂಗದ ಮೇಲೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒರೆ ತೊಡೆಗೆ ಬಡಿಯುತ್ತದೆ, ಪಟ್ಟಿ ಒಂದು ಪಕ್ಕಕ್ಕೆ ಜಾರುತ್ತದೆ, ಅಂಟು ಬಿಟ್ಟು ಕವಚದ ಅಂಚು ಬಾಯ್ಬಿಡುತ್ತದೆ.

ಪಟ್ಟಿಯನ್ನು ಕವಚದ ಅಲಂಕಾರವೆಂದು ಬಗೆದಾಗ ಆಗುವ ಪಾಡು ಇದು. ಪಟ್ಟಿ ಒಂದು ಯಂತ್ರ, ಭಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ. ಕತ್ತಿಯ ಭಾರ ಪಟ್ಟಿಯ ಮೂಲಕ ನೇರ ಸೊಂಟದ ಮೂಳೆಗೆ ಇಳಿಯಬೇಕು. ನಡುವೆ ಫೋಮಿಗೆ ಕೆಲಸ ಕೊಡಲೇಬಾರದು.

ಮೊದಲು ಅಂಟಿನ ವಿಷಯ. ಡಾಕ್ಟರು ರಕ್ತದೊತ್ತಡ ನೋಡಲು ತೋಳಿಗೆ ಸುತ್ತುವ ಪಟ್ಟಿಯನ್ನು ನೆನಪಿಸಿಕೊಳ್ಳಿ. ಒಳಗೆ ಗಾಳಿ ತುಂಬಿ ತೋಳು ನೋಯುವಷ್ಟು ಬಿಗಿದರೂ ಅದರ ವೆಲ್ಕ್ರೋ ಬಿಡುವುದಿಲ್ಲ. ಆಮೇಲೆ ಒಂದು ತುದಿ ಹಿಡಿದು ಎತ್ತಿದರೆ ಪರ್‍ರನೆ ಕಿತ್ತು ಬರುತ್ತದೆ. ಮೇಲ್ಮೈಗೆ ಸಮಾನಾಂತರವಾಗಿ ಎಳೆದಾಗ ಅಂಟಿಕೊಂಡ ಇಡೀ ಜಾಗ ಒಟ್ಟಿಗೆ ತಡೆಯುತ್ತದೆ; ಅಂಚಿನಿಂದ ಸುಲಿದಾಗ ಒಂದು ಗೆರೆಯಷ್ಟು ಜಾಗ ಮಾತ್ರ ಒಂಟಿಯಾಗಿ ಹೋರಾಡಿ ಸೋಲುತ್ತದೆ, ಮರುಕ್ಷಣ ಅದರ ಪಕ್ಕದ ಗೆರೆಯ ಸರದಿ. ಚಪ್ಪಲಿಗೆ ಬಳಸುವ ರಬ್ಬರ್ ಅಂಟಿನ ಗುಣವೂ ಇದೇ. ಕವಚದ ಹೊರಮೈಗೆ ಒರೆಯನ್ನು ಅಂಟಿಸಿದಿರೋ, ಒರೆಯ ಭಾರ ಹೊರಕ್ಕೆ ಚಾಚಿಕೊಂಡಿರುವುದರಿಂದ ಮೇಲಿನ ಅಂಚನ್ನು ಸದಾ ಸುಲಿಯುತ್ತಲೇ ಇರುತ್ತದೆ. ರಂಗದ ದೀಪದ ಬಿಸಿಗೆ ಅಂಟು ಮೆತ್ತಗಾದರಂತೂ ಕೇಳುವುದೇ ಬೇಡ.

ಆದ್ದರಿಂದ ಅಂಟು ಬಿಟ್ಟು ಸೀಳಿಗೆ ಬನ್ನಿ. ಕವಚದ ಎರಡೂ ಪಕ್ಕದಲ್ಲಿ ಪಟ್ಟಿಯಷ್ಟೇ ಅಗಲದ ನಿಲುವು ಸೀಳು ಕೊಯ್ದು, ಪಟ್ಟಿ ಬೆನ್ನ ಹಿಂದೆ ಕವಚದ ಒಳಗಿನಿಂದ, ಹೊಟ್ಟೆಯ ಮುಂದೆ ಹೊರಗಿನಿಂದ ಹಾಯುವಂತೆ ತೂರಿಸಿ. ಒರೆಯನ್ನು ಪಟ್ಟಿಗೇ ಪೋಣಿಸಿ. ಒಂದು ಎಚ್ಚರ: ಸೀಳಿನ ಎರಡೂ ತುದಿಗೆ ಮೊದಲು ದುಂಡನೆಯ ತೂತು ಹೊಡೆದು, ಆಮೇಲೆ ನಡುವೆ ಕೊಯ್ಯಬೇಕು. ತುದಿ ಚೂಪಾಗಿದ್ದಷ್ಟೂ ಎಳೆತವೆಲ್ಲ ಅಲ್ಲಿಗೇ ಬಂದು ಸೇರಿ ಬಿರುಕು ಓಡುತ್ತದೆ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದಾಗ, ತನಿಖೆ ಕೊನೆಗೆ ಬೆರಳು ತೋರಿಸಿದ್ದು ಒಡಲಿನ ತೆರಪುಗಳ ಮೂಲೆಯಲ್ಲಿ ಹುಟ್ಟಿದ ಬಿರುಕುಗಳ ಕಡೆಗೆ. ಲೋಹಕ್ಕೇ ಆ ಗತಿಯಾದರೆ ಫೋಮ್ ಯಾವ ಲೆಕ್ಕ?

ಇನ್ನು ತೊಡೆಗೆ ಬಡಿಯುವ ಒರೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಲೆಕ್ಕವೊಂದಿದೆ. ಮೇಲ್ತುದಿಯಲ್ಲಿ ಮಾತ್ರ ತೂಗುಬಿಟ್ಟ 40 ಸೆಂಟಿಮೀಟರ್ ಉದ್ದದ ಒರೆ ಒಂದು ಲೋಲಕ. ಅದನ್ನು ಸರಿಸಿ ಬಿಟ್ಟರೆ ಹೋಗಿ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಮನುಷ್ಯ ಸಹಜವಾಗಿ ನಡೆಯುವಾಗ ಎಡಗಾಲು ಬಲಗಾಲು ಸೇರಿ ಒಂದು ಸುತ್ತು ಮುಗಿಯುವುದೂ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ. ಎರಡು ಲಯ ಕೂಡಿದರೆ ಪ್ರತಿ ಹೆಜ್ಜೆಯೂ ಒರೆಯನ್ನು ಇನ್ನಷ್ಟು ತೂಗುತ್ತದೆ. ಹೀಗಾಗಿ ಮೊದಲ ಹೆಜ್ಜೆಗೆ ಸುಮ್ಮನಿದ್ದ ಒರೆ ನಾಲ್ಕನೆಯದಕ್ಕೆ ತೊಡೆಗೆ ಬಡಿಯತೊಡಗುತ್ತದೆ. ಮದ್ದು ಸರಳ: ಒರೆಯನ್ನು ಎರಡು ಕಡೆ ಹಿಡಿಯಬೇಕು. ಪಟ್ಟಿಗೆ ಒಂದರ ಬದಲು ಎರಡು ಕುಣಿಕೆ ಹಾಕಿ, ಇಲ್ಲವೇ ಒರೆಯ ಕೆಳತುದಿಯನ್ನು ತೊಡೆಗೆ ಒಂದು ಎಲಾಸ್ಟಿಕ್ಕಿನಿಂದ ಕಟ್ಟಿ. ಸೈನಿಕರ ತೊಡೆಗೆ ಬಿಗಿದ ಪಿಸ್ತೂಲಿನ ಒರೆ ಮಾಡುವುದೂ ಇಷ್ಟೇ, ಲೋಲಕವನ್ನು ಕಾಲಿನ ಭಾಗವಾಗಿಸುವುದು.

ವಯನಾಡಿಗೆ ಬಡಗಣ ನೆರೆಯಾದ ಕೊಡಗಿನಲ್ಲಿ ಇದಕ್ಕೆ ಇನ್ನೂ ಜಾಣ ಉತ್ತರವಿದೆ. ಕೊಡವರ ಒಡಿಕತ್ತಿಯ ಅಲಗು ಬಹಳ ಅಗಲ, ಮುಂದಕ್ಕೆ ಬಾಗಿದ್ದು, ಒಳಬಾಗಿನ ಅಂಚಿನಲ್ಲಿ ಹರಿತ. ಇಂಥ ಅಲಗಿಗೆ ಒರೆ ಹೊಲಿಯುವುದೇ ಕಷ್ಟ. ಅದಕ್ಕೆ ಒರೆಯನ್ನೇ ಕೈಬಿಟ್ಟು, ಬೆನ್ನ ಹಿಂದೆ ಪಟ್ಟಿಗೆ ‘ತೊಡಂಗ್’ ಎಂಬ ಲೋಹದ ಹಿಡಿಕೆ ಸೇರಿಸಿದರು. ಅದರ ಸೀಳುಬಾಯಿಗೆ ಬರೀ ಅಲಗನ್ನು ತೂರಿಸಿದರೆ ಕತ್ತಿ ಅಲ್ಲೇ ನಿಲ್ಲುತ್ತದೆ. ಮಲಬಾರಿನ ಯೋಧರ ಅಗಲ ಕತ್ತಿಗೂ ಇದೇ ಏರ್ಪಾಡು. ಪಳಶಿಯ ನಾಟಕಕ್ಕೆ ಇದಕ್ಕಿಂತ ಒಪ್ಪುವ ಮಾದರಿ ಬೇರೆ ಬೇಕಿಲ್ಲ. ನಡೆಯುವಾಗ ಸೊಂಟ ಎಡಬಲಕ್ಕೆ ತಿರುಗುತ್ತದೆ, ಪಕ್ಕಗಳು ಹಿಂದೆ ಮುಂದೆ ಹೋಗುತ್ತವೆ, ಆದರೆ ಬೆನ್ನಿನ ನಟ್ಟನಡು ಅಷ್ಟಾಗಿ ಅಲುಗುವುದಿಲ್ಲ. ಕತ್ತಿ ಅಲ್ಲಿ ಕೂತರೆ ಭಾರ ಎರಡೂ ಕಾಲಿಗೆ ಸಮ, ಪಟ್ಟಿ ಒಂದು ಪಕ್ಕಕ್ಕೆ ವಾಲುವುದಿಲ್ಲ, ಗುಡ್ಡ ಹತ್ತಲು ತೊಡೆಗಳೂ ಬಿಡುವಾಗಿರುತ್ತವೆ. ಕೊಡವರು ಮುಂದುಗಡೆ ಸಿಕ್ಕಿಸುವ ಪೀಚೆಕತ್ತಿ ಚಿಕ್ಕದು, ಅದಕ್ಕೆ ಒರೆಯುಂಟು. ಅದು ಸೊಂಟಕ್ಕೆ ಬಿಗಿದ ಕೆಂಪು ಚೇಲೆಯ ಮಡಿಕೆಯೊಳಗೆ ಒತ್ತಿ ಕೂರುವುದರಿಂದ ತೂಗಾಡುವ ಪ್ರಶ್ನೆಯೇ ಇಲ್ಲ.

ಚೇಲೆಯಂಥ ಉದ್ದ ಬಟ್ಟೆಯನ್ನು ಸುತ್ತಿ ಕಟ್ಟುವುದರ ಬಲ ಕಾಣಬೇಕಾದರೆ ಕಾಸರಗೋಡು ಸೀಮೆಯ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಬೇಕು. ಹಗುರ ಮರದ ಎದೆಪದಕ, ಭುಜಕೀರ್ತಿ, ಡಾಬು ಎಲ್ಲವೂ ನಿಂತಿರುವುದು ಬಹುಪಾಲು ದಾರ ಮತ್ತು ಬಟ್ಟೆಯ ಸುತ್ತುಗಳ ಮೇಲೆ. ವೇಷಧಾರಿ ಗಿರ್ರನೆ ಸುತ್ತುತ್ತಾ ಧೀಂಗಿಣ ಹೊಡೆದರೂ ಕಳಚುವುದಿಲ್ಲ. ಕಾರಣ ಘರ್ಷಣೆ. ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರದ ಪ್ರಕಾರ ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.3 ಅಂದರೆ ಒಂದು ಪೂರ್ತಿ ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಎರಡಕ್ಕೆ ನಲವತ್ತಕ್ಕೂ ಮಿಕ್ಕಿ. ಮೆತ್ತನೆ ಮೈಮೇಲೆ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರದಿದ್ದರೂ ದಿಕ್ಕು ಅದೇ. ನುಣುಪಾದ ರೆಕ್ಸಿನ್ ಪಟ್ಟಿಯ ಅಡಿಯಲ್ಲಿ ಹತ್ತಿ ಬಟ್ಟೆಯನ್ನು ಎರಡು ಸುತ್ತು ಬಿಗಿದರೆ ಅರ್ಧ ತಾಪತ್ರಯ ಅಲ್ಲೇ ತೀರಿತು.

ಪಟ್ಟಿ ಎಲ್ಲಿ ಕೂರಬೇಕು? ಹೊಕ್ಕುಳಿನ ಮಟ್ಟದ ಮೆತ್ತನೆ ಜಾಗದಲ್ಲಿ ಬಿಗಿದು, ಅದರ ಕೆಳಗಿನ ಮೂಳೆಯ ಏಣಿನ ಮೇಲೆ ಆತುಕೊಳ್ಳುವಂತೆ. ಯುರೋಪಿನ ನೈಟರು ಉಕ್ಕಿನ ಬಳೆಗಳ ಅಂಗಿಯ ಮೇಲೆ ಸೊಂಟಪಟ್ಟಿ ಬಿಗಿಯುತ್ತಿದ್ದದ್ದು ಹೆಗಲ ಭಾರದಲ್ಲಿ ಒಂದು ಪಾಲನ್ನು ಈ ಏಣಿಗೆ ದಾಟಿಸಲು. ಅವರ ಎದೆಗವಚವೂ ನಡುವಿನಲ್ಲೇ ಮುಗಿಯುತ್ತಿತ್ತು; ಇನ್ನೂ ಕೆಳಗಿಳಿದರೆ ಬಾಗಿದಾಗ ಕವಚದ ಕೆಳಅಂಚು ತೊಡೆಗೆ ತಾಗಿ, ಮೇಲಂಚು ಗಂಟಲಿಗೆ ಒತ್ತುತ್ತದೆ.

ಮಕ್ಕಳಲ್ಲಿ ಈ ಉಪಾಯ ಅಷ್ಟು ನಡೆಯದು. ನಡುವಿಗೂ ಸೊಂಟಕ್ಕೂ ಅಗಲದಲ್ಲಿ ಹೆಚ್ಚು ಅಂತರ ಇರುವುದಿಲ್ಲ, ಎಷ್ಟು ಬಿಗಿದರೂ ಪಟ್ಟಿ ಜಾರುತ್ತದೆ. ಅವರಿಗೆ ಹೆಗಲಿನ ನೆರವು ಬೇಕೇ ಬೇಕು. ಪೊಲೀಸ್ ಇನ್ಸ್‌ಪೆಕ್ಟರರ ಎದೆಯ ಮೇಲೆ ಓರೆಯಾಗಿ ಹಾಯುವ ಕ್ರಾಸ್ ಬೆಲ್ಟ್ ನೋಡಿದ್ದೀರಲ್ಲ? ಅದರ ಹಿಂದೆ ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿದೆ. 1858ರಲ್ಲಿ ಉತ್ತರ ಭಾರತದ ಕಾಳಗವೊಂದರಲ್ಲಿ ಅವನ ಎಡಗೈ ಹೋಯಿತು. ಕತ್ತಿ ಎಳೆಯುವಾಗ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲವಾಗಿ, ಬಲಹೆಗಲಿನಿಂದ ಎಡಸೊಂಟಕ್ಕೆ ಬರುವ ಪಟ್ಟಿ ಅವನಿಗೆ ಆಸರೆಯಾಯಿತು. ಕತ್ತಿ ಎಡಕ್ಕೆ ಜಗ್ಗಿದರೆ ಪಟ್ಟಿ ಅದನ್ನು ಬಲಹೆಗಲಿಗೆ ತೂಗುಹಾಕುತ್ತದೆ. ಹುಡುಗನ ಕವಚದ ಅಡಿಯಲ್ಲಿ ಇಂಥದೊಂದು ಪಟ್ಟಿ ಅಡಗಿಸಿದರೆ ನೋಡುವವರಿಗೆ ಕಾಣುವುದೂ ಇಲ್ಲ.

ಒರೆಯನ್ನು ಪಟ್ಟಿಗೆ ಸೇರಿಸುವ ಕುಣಿಕೆಯಲ್ಲಿ ಮಾತ್ರ ವೆಲ್ಕ್ರೋ ಬಳಸಿ. ಹುಡುಗ ಎಡವಿದಾಗ ಒರೆ ಎಲ್ಲಾದರೂ ಸಿಕ್ಕಿಕೊಂಡರೆ ಅದು ಸುಲಿದುಕೊಂಡು ಬಿಡಬೇಕು, ಅವನನ್ನು ಎಳೆದು ಕೆಡವಬಾರದು. ಪಟ್ಟಿಗೆ ಒಂದು ಪಕ್ಕದಲ್ಲಿ ಬೆರಳುದ್ದದ ಎಲಾಸ್ಟಿಕ್ ತುಂಡು ಸೇರಿಸಿ. ಕುಳಿತಾಗ ಹೊಟ್ಟೆಯ ಸುತ್ತಳತೆ ಹಿಗ್ಗುವುದರಿಂದ, ಬಕ್ಕಲ್ಲಿನ ತೂತುಗಳಿಗೆ ಗುರುತು ಹಾಕುವುದನ್ನು ಅವನು ಕುಳಿತಿರುವಾಗಲೂ ಒಮ್ಮೆ, ನಿಂತಿರುವಾಗಲೂ ಒಮ್ಮೆ ಮಾಡಿ.