ಟಿ ಕೋಶಕ್ಕೂ ಒಂದು ಬ್ರೇಕ್ ಇದೆ

ಈಚೆಗೆ ಕೆಲವು ಕ್ಯಾನ್ಸರ್ ರೋಗಿಗಳ ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿಡಿ-ಎಲ್1’ ಅಂತ ಒಂದು ಸಾಲಿರುತ್ತದೆ, ಪಕ್ಕದಲ್ಲಿ ಶೇಕಡಾ ಇಷ್ಟು ಅಂತ. ದೊಡ್ಡಪ್ಪನ ರಿಪೋರ್ಟ್ ಬಂದಾಗ, ಎಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ಅದು ನನ್ನ ಕೈಗೇ ಬಂತು. ಸಾಫ್ಟ್‌ವೇರಿನವನಿಗೆ ಬಯಾಲಜಿ ಎಲ್ಲಿಂದ ಬರಬೇಕು? ಕೂತು ಓದಿಕೊಂಡೆ.

ನಮ್ಮ ರಕ್ತದಲ್ಲಿರುವ ಟಿ ಕೋಶಗಳು ಎದುರಿನ ಕೋಶ ನಮ್ಮದೋ ಶತ್ರುವೋ ಅಂತ ಮುಟ್ಟಿಯೇ ತಿಳಿಯಬೇಕು. ಅದಕ್ಕಾಗಿ ಅವುಗಳ ಮೈಮೇಲೆ ಬಗೆಬಗೆಯ ಪ್ರೋಟೀನುಗಳಿವೆ. ತಲೆ ಕೋಶದ ಹೊರಗೆ, ಬಾಲ ಒಳಗೆ. ಹೊರಗೆ ಸರಿಯಾದ ಜೋಡಿ ಸಿಕ್ಕಿದರೆ ಒಳಗಿನ ಬಾಲಗಳಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ. ಒಂದೇ ಸುದ್ದಿ ಸಾಲದು. ಮುಖ್ಯ ಗ್ರಾಹಕದ ಜೊತೆಗೆ ಸಿಡಿ28 ಎಂಬ ಪ್ರೋಟೀನೂ ಹೂಂಗುಟ್ಟಬೇಕು. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇದ್ದ ಹಾಗೆ.

ಶುರುವಾದ ದಾಳಿಯನ್ನು ನಿಲ್ಲಿಸೋರು ಯಾರು? ಅದಕ್ಕಿರೋದು ಪಿಡಿ-1. ಕ್ಯೋಟೋದ ತಸುಕು ಹೊಂಜೊ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿತು. ಎದುರಿನ ಕೋಶದ ಪಿಡಿ-ಎಲ್1 ಬಂದು ತಾಗಿದರೆ ಪಿಡಿ-1ರ ಬಾಲ ಒಂದು ಕಿಣ್ವವನ್ನು ಪಕ್ಕಕ್ಕೆ ಕರೆಸಿಕೊಳ್ಳುತ್ತದೆ. ಆ ಕಿಣ್ವ ಅಂಟಿದ್ದ ಫಾಸ್ಫೇಟುಗಳನ್ನು, ಮುಖ್ಯವಾಗಿ ಸಿಡಿ28ರ ಬಾಲದಲ್ಲಿದ್ದವನ್ನು, ಕಿತ್ತುಹಾಕುತ್ತದೆ. ಟಿ ಕೋಶ ತಣ್ಣಗಾಗುತ್ತದೆ. ಅನೇಕ ಕ್ಯಾನ್ಸರ್ ಕೋಶಗಳು ಇದೇ ಪಿಡಿ-ಎಲ್1 ಹೊದ್ದು ಕೂತು ಬಚಾವಾಗುತ್ತವೆ.

ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎಂಬ ಔಷಧಗಳು ಪಿಡಿ-1ರ ತಲೆಯನ್ನೇ ಮುಚ್ಚಿ ಬ್ರೇಕ್ ಬೀಳದಂತೆ ಮಾಡುತ್ತವೆ. ಸಿಟಿಎಲ್‌ಎ-4 ಎಂಬ ಮತ್ತೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಮತ್ತು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ರಿಪೋರ್ಟಿನ ಶೇಕಡಾ ಹೆಚ್ಚಿದ್ದರೆ ಹಲವು ಕ್ಯಾನ್ಸರುಗಳಲ್ಲಿ ಔಷಧ ಹತ್ತುವ ಸಾಧ್ಯತೆ ಹೆಚ್ಚು. ಗ್ಯಾರಂಟಿಯಲ್ಲ. ಕಡಿಮೆ ಇದ್ದವರಿಗೂ ಕೆಲವೊಮ್ಮೆ ಹತ್ತುತ್ತದೆ.

ಮನೆಯವರು ಗಮನಿಸಬೇಕಾದ್ದು ಬೇರೆಯೇ ಇದೆ. ಬ್ರೇಕ್ ಸಡಿಲವಾಗೋದು ಗಡ್ಡೆಯ ಹತ್ತಿರ ಮಾತ್ರ ಅಲ್ಲ, ಇಡೀ ಮೈಯಲ್ಲಿ. ಟಿ ಕೋಶಗಳು ಕರುಳು, ಶ್ವಾಸಕೋಶ, ಥೈರಾಯ್ಡಿನ ಮೇಲೂ ಏರಿಹೋಗಬಹುದು. (‘ಇಮ್ಯುನಿಟಿ ಬೂಸ್ಟರ್’ ಜಾಹೀರಾತು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ.) ಈ ಔಷಧ ತಗೊಂಡವರಿಗೆ ಭೇದಿ ಶುರುವಾದರೆ ಊಟದ ವ್ಯತ್ಯಾಸ ಅಂತ ಮಜ್ಜಿಗೆ ಕೊಟ್ಟು ಕಾಯಬೇಡಿ. ಹೊಸದಾಗಿ ಕೆಮ್ಮು, ಉಬ್ಬಸ ಬಂದರೂ ಅಷ್ಟೇ, ಆವತ್ತೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು. ಬೇರೆ ಡಾಕ್ಟರ ಹತ್ತಿರ ಹೋದರೆ ಈ ಔಷಧದ ಹೆಸರು ಹೇಳಿ. ಬೇಗ ಗೊತ್ತಾದರೆ ಹೆಚ್ಚಿನವು ಸ್ಟೀರಾಯ್ಡಿನಿಂದ ಹತೋಟಿಗೆ ಬರುತ್ತವೆ. ಥೈರಾಯ್ಡ್ ಕೆಟ್ಟರೆ ಮಾತ್ರ ಸಾಮಾನ್ಯವಾಗಿ ದಿನಾ ಬೆಳಿಗ್ಗೆ ಒಂದು ಮಾತ್ರೆ ಕಾಯಂ.