ಎಂ.ಎಸ್. ಸಾಲ: ನಲವತ್ತು ಲಕ್ಷಕ್ಕೆ ಏನು ಬರುತ್ತದೆ?

ಮಾರ್ಚ್ ಬಂತೆಂದರೆ ಊರಿನಿಂದ ಫೋನು ಶುರು. "ಮಗನಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ನಲವತ್ತು ಲಕ್ಷ ಸಾಲ ಆಗತ್ತೆ, ಮನೆ ಅಡ ಇಡಬಹುದಾ?" ರ್‍ಯಾಂಕಿಂಗ್ ಎಲ್ಲ ಬಾಯಿಪಾಠ ಆಗಿರುತ್ತದೆ. ಆ ದುಡ್ಡಿಗೆ ಏನು ಬರುತ್ತದೆ ಎಂದು ಬಿಡಿಸಿ ನೋಡಿದವರು ಕಡಿಮೆ.

ನಾನಿರುವ ನಾರ್‌ಕ್ರಾಸ್‌ನಿಂದ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿ, ಅಟ್ಲಾಂಟಾ ನಗರದೊಳಗೆ, ಜಾರ್ಜಿಯಾ ಟೆಕ್ ಇದೆ. ಅಲ್ಲಿನ ಕಂಪ್ಯೂಟರ್ ಸೈನ್ಸ್ ಎಂ.ಎಸ್. 2014ರಿಂದ ಆನ್‌ಲೈನ್‌ನಲ್ಲೂ ಸಿಗುತ್ತದೆ. ಪೂರ್ತಿ ಕೋರ್ಸಿಗೆ ಹತ್ತು ಸಾವಿರ ಡಾಲರ್ ಕೂಡ ಆಗುವುದಿಲ್ಲ. ಬೆಂಗಳೂರಿನ ಕೆಲಸ ಬಿಡದೆ ಓದಬಹುದು. ಪದವಿ ಪತ್ರದಲ್ಲಿ ಆನ್‌ಲೈನ್ ಎಂಬ ಮಾತೇ ಇರುವುದಿಲ್ಲ. ಹಾಗಾದರೆ ಕ್ಯಾಂಪಸ್ಸಿಗೆ ಬರುವವರು ಹೆಚ್ಚಿಗೆ ಸುರಿಯುವ ದುಡ್ಡು ಯಾವುದಕ್ಕೆ? ಲ್ಯಾಬು, ಪ್ರೊಫೆಸರು, ಗೆಳೆಯರು, ಸರಿ. ಆದರೆ ಬಹುಪಾಲು ಎಫ್-1 ವೀಸಾಗೆ, ಓದು ಮುಗಿದ ಮೇಲೆ ಇಲ್ಲೇ ಕೆಲಸ ಮಾಡಲು ಬಿಡುವ ಒಪಿಟಿಗೆ. ಆನ್‌ಲೈನ್ ಓದಿಗೆ ಇವೆರಡೂ ಇಲ್ಲ. ಷೇರುಪೇಟೆ ಭಾಷೆಯಲ್ಲಿ ಇದೊಂದು ಕಾಲ್ ಆಪ್ಷನ್. ಎಕ್ಸ್‌ಪೈರಿಯೂ ಇದೆ.

ಎಲ್ಲರಿಗೂ 12 ತಿಂಗಳು. ಕೋರ್ಸು ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24. ಇದನ್ನು ಹೇಳುವುದು ಕೋರ್ಸಿನ ಹೆಸರಲ್ಲ, ಐ-20ಯಲ್ಲಿ ಅಚ್ಚಾಗಿರುವ ಸಿಐಪಿ ಕೋಡ್. ಅರ್ಥಶಾಸ್ತ್ರವನ್ನೇ ತಗೊಳ್ಳಿ: 45.0603 ಆದರೆ ಮೂರು ವರ್ಷ, 45.0601 ಆದರೆ ಒಂದೇ ವರ್ಷ. ಎಚ್-1ಬಿ ಲಾಟರಿಯಲ್ಲಿ ವರ್ಷಕ್ಕಿರುವುದು 65,000, ಇಲ್ಲಿ ಸ್ನಾತಕೋತ್ತರ ಮಾಡಿದವರಿಗೆ ಮತ್ತೆ 20,000. ಮೂರು ಸಲ ಪ್ರಯತ್ನಿಸುವುದಕ್ಕೂ ಒಂದೇ ಸಲಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅರ್ಜಿ ಹಾಕುವ ಮೊದಲೇ ಕೋಡ್ ಕೇಳಿ ತಿಳಿದುಕೊಳ್ಳಿ.

ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೆ ಇನ್ನೊಂದು ತೊಡಕು. ಇಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಹಾಗಾಗಿ ಅಣ್ಣನಿಗೆ ಸಿಕ್ಕ ಅರ್ಹತೆ ತಮ್ಮನಿಗೆ ಸಿಗದೇ ಹೋಗಬಹುದು.

ಈಗ ಸಾಲ. 40 ಲಕ್ಷ, ಶೇ 10 ಬಡ್ಡಿ. ಮೊದಲೇ ಪೂರ್ತಿ ತೆಗೆದುಕೊಂಡರೆ ಎರಡೂವರೆ ವರ್ಷದ ಮೊರಟೋರಿಯಂ ಮುಗಿಯುವಾಗ ಸರಳ ಬಡ್ಡಿ ಸೇರಿ 50 ಲಕ್ಷ. ಹತ್ತು ವರ್ಷದ ಇಎಂಐ ಸುಮಾರು 66,000 ರೂಪಾಯಿ. ಅಟ್ಲಾಂಟಾದಲ್ಲಿ ಕೆಲಸ ಸಿಕ್ಕರೆ, ಇಬ್ಬರು ರೂಮ್ ಹಂಚಿಕೊಂಡು ಆರಾಮಾಗಿ ಕಟ್ಟುತ್ತಾರೆ. ಆದರೆ ಒಪಿಟಿಯ ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಾಪಸ್ ಬೆಂಗಳೂರಿಗೆ ಬಂದು, ಕೈಗೆ 80,000 ಸಂಬಳ ಬಂದರೆ, ಉಳಿಯುವುದು 14,000.

ನಾನು ಮನೆಯವರನ್ನು ಕೇಳುವುದು ಈ ಎರಡನೇ ಲೆಕ್ಕವನ್ನೇ. ಮಗನ ಇಎಂಐಯನ್ನು ಅಪ್ಪನ ಪಿಂಚಣಿಯಿಂದ ಕಟ್ಟಬೇಕಾಗಿ ಬಂದರೆ ಮನೆ ನಡೆಯುತ್ತದೆಯೇ? ಇಲ್ಲವಾದರೆ ಮನೆ ಪತ್ರ ಬ್ಯಾಂಕಿಗೆ ಕೊಡುವ ಮುಂಚೆ ವಿಭಾಗಕ್ಕೆ ಬರೆದು ಅಸಿಸ್ಟೆಂಟ್‌ಶಿಪ್ ವಿಚಾರಿಸಲಿ. ಫೀಸು ಮಾಫಿಯಾದರೆ ಸಾಲವೂ ಅಷ್ಟಕ್ಕೆ ಇಳಿಯುತ್ತದೆ. ಸಿಗದಿದ್ದರೆ ಆನ್‌ಲೈನ್ ಪದವಿ ಇದ್ದೇ ಇದೆ.